ಮೀಮೂನನ ಉಸಿರುಪೆಟ್ಟಿಗೆ

ಹಾಸಿ ಲಖಲ್‌ ಊರಿನಲ್ಲಿ ಮನೆ ಹುಡುಕುವುದಕ್ಕೆ ನಂಬರು ಬೇಕಿಲ್ಲ, ಕೆಮ್ಮು ಗೊತ್ತಿದ್ದರೆ ಸಾಕು. ಗಣಿಯವರ ಸಾಲುಮನೆಗಳ ಮುಂದೆ ಬೆಳಿಗ್ಗೆ ನಡೆದು ಹೋದರೆ ಒಂದೊಂದು ಬಾಗಿಲ ಹಿಂದೆ ಒಂದೊಂದು ಕೆಮ್ಮು. ಮೊರಾಕೊ ದೇಶದ ಪೂರ್ವದ ಗಡಿ ಕಡೆಯ ಊರು ಇದು. ಕಲ್ಲಿದ್ದಲ ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಆದರೆ ಅದರ ಧೂಳು ಗಂಡಸರ ಎದೆಯೊಳಗೇ ಉಳಿಯಿತು. ಸುರಂಗಗಳೂ ಹಾಗೇ ಉಳಿದವು, ಮನೆಗಳ ಕೆಳಗೆ, ಬೀದಿಯ ಕೆಳಗೆ, ಮಸೀದಿಯ ಕೆಳಗೆ. ಚಳಿಗಾಲದಲ್ಲಿ ಊರಾಚೆಯ ಕಪ್ಪು ದಿಬ್ಬದ ಬಿರುಕುಗಳಿಂದ ಬಿಳಿ ಹಬೆ ಏಳುತ್ತದೆ. ಹೊಸಬರು ಬೆಚ್ಚಿ ನಿಲ್ಲುತ್ತಾರೆ. ಊರವರು ಆ ಕಡೆ ತಿರುಗಿಯೂ ನೋಡುವುದಿಲ್ಲ.

ಮಹಜೂಬಾಳ ಗಂಡ ಬೂಜ್ಯಾನ್ ಆ ಗಣಿಯಲ್ಲಿ ದುಡಿದವನು. ಈಗ ಅವನ ಶ್ವಾಸಕೋಶ ಕಲ್ಲಾಗಿದೆ. ಮನೆಯ ಮೂಲೆಯಲ್ಲಿ ಒಂದು ದೊಡ್ಡ ಆಕ್ಸಿಜನ್ ಯಂತ್ರ, ಬಾಡಿಗೆಯದು. ಗೋಡೆಯ ಕರೆಂಟಿಗೆ ಯಂತ್ರ ಕಟ್ಟಿದೆ, ಯಂತ್ರಕ್ಕೆ ನಳಿಕೆ ಕಟ್ಟಿದೆ, ನಳಿಕೆಗೆ ಬೂಜ್ಯಾನ್ ಕಟ್ಟಿದ್ದಾನೆ. ನಳಿಕೆ ಹೊಸ್ತಿಲ ತನಕ ಬರುತ್ತದೆ, ಅದರಾಚೆ ಬರುವುದಿಲ್ಲ. ಹಳೆಯ ಗಣಿಗೆಳೆಯರು ಮಧ್ಯಾಹ್ನ ಬಿಸಿಲುಗೋಡೆಗೆ ಒರಗಿ ಕೂತು ಹರಟೆ ಹೊಡೆಯುವುದನ್ನು ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ದೂರದಿಂದ ನೋಡುತ್ತಿದ್ದ.

ಅದನ್ನಾದರೂ ಹೇಗೋ ಸಹಿಸಿಕೊಂಡಿದ್ದ. ಸಹಿಸಲಾಗದೆ ಹೋದದ್ದು ಪಕ್ಕದ ಮನೆಯ ಮೀಮೂನ್ ಸತ್ತ ದಿನ. ಮೀಮೂನನೂ ಇವನೂ ಒಂದೇ ಸುರಂಗದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಕಲ್ಲಿದ್ದಲು ಕಡಿದವರು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಶವ ಹೊತ್ತವರು ಇದೇ ಬಾಗಿಲ ಮುಂದೆ ಹೋದರು. ಬೂಜ್ಯಾನ್ ಎದ್ದು ಎರಡು ಹೆಜ್ಜೆ ಇಟ್ಟ, ನಳಿಕೆ ಬಿಗಿಯಿತು, ಮೂಗಿನಿಂದ ಕಳಚಿ ಬಿತ್ತು. ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಗೆಳೆಯನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕುವುದಕ್ಕೂ ಆಗಲಿಲ್ಲ.

"ಮಹಜೂಬಾ, ಹೆಗಲಿಗೆ ಹಾಕ್ಕೊಂಡು ಓಡಾಡೋ ಪೆಟ್ಟಿಗೆ ಬರುತ್ತಂತಲ್ಲೇ," ಎಂದ ಆ ಸಂಜೆ. "ಒಂದೇ ಒಂದ್ಸಲ ಅವನ ಗೋರಿ ಹತ್ರ ಹೋಗಿ ಬರ್ತೀನಿ. ಆಮೇಲೆ ನನ್ನನ್ನ ಎಲ್ಲಿಗೆ ಬೇಕಾದ್ರೂ ಕಟ್ಟಿಹಾಕು."

ಮಾರನೆಯ ದಿನ ಮಹಜೂಬಾ ಹಿಟ್ಟಿನ ಹಲಗೆ ತಲೆಯ ಮೇಲಿಟ್ಟುಕೊಂಡು ಬೀದಿಯ ಒಲೆಗೆ ರೊಟ್ಟಿ ಸುಡಿಸಲು ಹೋದಾಗ ವಿದಾದ್ ಸಿಕ್ಕಳು. ವಿದಾದ್ ಊರಿನ ಆರೋಗ್ಯ ಕೇಂದ್ರದ ನರ್ಸು, ಎದೆಬೇನೆಯವರ ಸಂಘವನ್ನೂ ಅವಳೇ ನೋಡಿಕೊಳ್ಳುತ್ತಾಳೆ. ಅವಳಪ್ಪನೂ ಗಣಿಯವನೇ, ಆಕ್ಸಿಜನ್ ಸಿಗದೆ ಸತ್ತವನು. ಅದಕ್ಕೇ ಏನೋ, ಈ ವಿಷಯ ಬಂದರೆ ಅವಳ ನಾಲಗೆ ಕತ್ತರಿ.

"ಖಾಲ್ತಿ," ಎಂದಳು. ಚಿಕ್ಕಮ್ಮನ ವಯಸ್ಸಿನವರನ್ನು ಅಲ್ಲಿ ಹಾಗೇ ಕರೆಯುವುದು. "ಪೆಟ್ಟಿಗೆ ಬೇಕು ಅಂತ ಅಂಗಡಿಗೆ ಓಡಬೇಡಿ. ಮೊದಲು ಉಜ್ದಾ ಶಹರದ ಎದೆ ಡಾಕ್ಟರಿಗೆ ತೋರಿಸಿ. ಅವರು ಮಣಿಕಟ್ಟಿನ ರಕ್ತ ತೆಗೆದು ನೋಡ್ತಾರೆ, ನಡೆಸಿ ನೋಡ್ತಾರೆ. ನಡೆಯುವಾಗ ಎಷ್ಟು ಬೇಕು, ಮಲಗಿದಾಗ ಎಷ್ಟು ಬೇಕು ಅಂತ ಬರೆದುಕೊಡ್ತಾರೆ. ಆ ಶಿಫಾರಸು ಹಿಡ್ಕೊಂಡು ಪಿಂಚಣಿ ಆಫೀಸಲ್ಲಿ ಕೇಳಿ, ಎಷ್ಟು ಕೊಡ್ತೀರಿ ಅಂತ. ಕೊಳ್ಳೋಕೆ ಮುಂಚೆ ಕೇಳಬೇಕು. ಕೊಂಡ ಮೇಲೆ ಕೇಳಿದ್ರೆ ಎಷ್ಟೋ ಕಡೆ ಕಾಸೂ ಕೊಡಲ್ಲ."

"ಅಯ್ಯೋ ಮಹಾತಾಯಿ! ಆಫೀಸಿನವರ ಉತ್ತರ ಬರೋ ಹೊತ್ತಿಗೆ ನಮ್ಮ ಯಜಮಾನರೂ ಮೀಮೂನನ ಪಕ್ಕ ಮಲಗಿರ್ತಾರೆ."

"ಅಲ್ಲಿ ತನಕ ಸಂಘದ ಪೆಟ್ಟಿಗೆ ಇದೆ, ಸರದಿ ಮೇಲೆ ಬಾಡಿಗೆಗೆ ಕೊಡ್ತೀವಿ. ಕಡಿಮೆ ಬಾಡಿಗೆ."

"ಸರದಿಯಂತೆ! ರೊಟ್ಟಿಗೂ ಸರದಿ, ನೀರಿಗೂ ಸರದಿ, ಈಗ ಉಸಿರಿಗೂ ಸರದಿ. ನಿನ್ನ ಉಪದೇಶ ನಿನ್ನ ಹತ್ರಾನೇ ಇಟ್ಕೋ ತಾಯಿ, ನನ್ನ ರೊಟ್ಟಿ ಸೀಯ್ತಾ ಇದೆ."

ರೊಟ್ಟಿಯೇನೂ ಸೀಯುತ್ತಿರಲಿಲ್ಲ. ಮಹಜೂಬಾಳಿಗೆ ಆಫೀಸು ಎಂದರೆ ಅಲರ್ಜಿ, ಅಷ್ಟೆ. ಗಾಜಿನ ಕಿಂಡಿಯ ಹಿಂದೆ ಕೂತವರ ಮುಂದೆ ಅವಳ ಬಾಯಿ ಒಣಗುತ್ತಿತ್ತು.

ಆ ವಾರವೇ ಮೀಮೂನನ ಹೆಂಡತಿ ಖದ್ದೂಜ್ ಬಾಗಿಲಿಗೆ ಬಂದಳು. ವಿಧವೆಯ ಬಿಳಿ ಬಟ್ಟೆ, ಕೈಯಲ್ಲಿ ಭುಜಕ್ಕೆ ನೇತುಹಾಕುವ ಒಂದು ಬೂದು ಪೆಟ್ಟಿಗೆ.

"ಅವರದು. ಮೂಲೆಯಲ್ಲಿ ಕೂತಿರುತ್ತೆ, ನನ್ನನ್ನೇ ನೋಡ್ತಾ ಇರುತ್ತೆ. ಮನೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ ಕಣೇ," ಎಂದಳು. "ಬೇರೆಯವರಿಗೆ ಕೊಡೋ ಬದಲು ಅವರ ಗೆಳೆಯನಿಗೇ ಹೋಗ್ಲಿ. ಬಾಯಿಗೆ ಬಂದ ಬೆಲೆ ಹೇಳಲ್ಲ, ನಿನಗೆ ತೋಚಿದಷ್ಟು ಕೊಡು."

ಆ ಊರಿನ ಪದ್ಧತಿಯೇ ಹಾಗೆ. ಸತ್ತವನ ಉಸಿರುಪೆಟ್ಟಿಗೆ ಸಾಲಿನ ಮುಂದಿನ ಮನೆಗೆ ಹೋಗುತ್ತದೆ. ಅಲ್ಲಿಂದ ಮುಂದಿನದಕ್ಕೆ. ಯಾರ ಮನೆಗೆ ಪೆಟ್ಟಿಗೆ ಬಂತೋ ಅವರ ಸರದಿ ಹತ್ತಿರ ಬಂತು ಎಂದು ಹೆಂಗಸರು ಪಿಸುಗುಡುವುದೂ ಉಂಟು. ಮಹಜೂಬಾ ಆ ಮಾತನ್ನು ಕೇಳಿದ್ದಳು, ಕೇಳಿಯೂ ಕೇಳದ ಹಾಗೆ ತನ್ನ ಮದುವೆಯ ಚಿನ್ನದ ಬಳೆ ಮಾರಿದಳು. ಖದ್ದೂಜ್ ಕೈಗೆ ಹಣ ಇಟ್ಟು ಪೆಟ್ಟಿಗೆ ಒಳಗೆ ತಂದಳು.

ಗುಂಡಿ ಒತ್ತಿದರೆ ಪೆಟ್ಟಿಗೆ ಗುರ್ರೆಂದಿತು. ನಳಿಕೆಯಿಂದ ತಣ್ಣಗೆ ಗಾಳಿ ಬಂತು. ಮೇಲೊಂದು ಹಳದಿ ದೀಪ ಮಿಣಿಮಿಣಿ ಎಂದಿತು.

"ತಾಳು, ಪರೀಕ್ಷೆ ಮಾಡೋಣ," ಎಂದ ಬೂಜ್ಯಾನ್. ಅವನ ಕಣ್ಣಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ. ಕಪಾಟಿನಿಂದ ಹಳೆಯ ಗಣಿದೀಪ ತರಿಸಿದ. ನೆಲದಡಿಯಲ್ಲಿ ಗಾಳಿಯ ಗುಣ ತಿಳಿಯುತ್ತಿದ್ದದ್ದು ಅದರಿಂದಲೇ. ಉರಿ ಕುಗ್ಗಿದರೆ ಉಸಿರಾಟಕ್ಕೆ ಗಾಳಿ ಸಾಲದು, ಓಡಬೇಕು. ಉರಿಯ ತುದಿ ನೀಲಿಯಾದರೆ ಸಿಡಿಯುವ ಅನಿಲ, ಇನ್ನೂ ಜೋರಾಗಿ ಓಡಬೇಕು. ಉರಿ ನೆಟ್ಟಗೆ ನಿಂತರೆ ಗಾಳಿ ಒಳ್ಳೆಯದು. ಬೂಜ್ಯಾನ್ ದೀಪ ಹಚ್ಚಿ, ನಳಿಕೆಯ ತುದಿಯನ್ನು ಅದರ ಪಕ್ಕ ಹಿಡಿದ.

ಉರಿ ನೆಟ್ಟಗೆ ನಿಂತಿತು. ಕುಗ್ಗಲಿಲ್ಲ, ಹಿಗ್ಗಲಿಲ್ಲ.

"ನೋಡಿದ್ಯಾ? ಚೊಕ್ಕ ಗಾಳಿ!" ಎಂದು ನಕ್ಕ. "ಶಹರದ ಡಾಕ್ಟರಂತೆ, ಮಣಿಕಟ್ಟಂತೆ. ನನ್ನ ದೀಪಕ್ಕಿಂತ ದೊಡ್ಡ ಡಾಕ್ಟರು ಯಾರೇ?"

ಮಹಜೂಬಾ ಹಿಗ್ಗಿದಳು. ಇನ್ನು ದೊಡ್ಡ ಯಂತ್ರಕ್ಕೆ ಬಾಡಿಗೆ ಯಾಕೆ, ಅದು ತಿನ್ನುವ ಕರೆಂಟಿಗೆ ಹಣ ಯಾಕೆ? ಅದನ್ನು ಕಂಪನಿಯವರಿಗೆ ವಾಪಸ್ಸು ಕಳಿಸಿಬಿಟ್ಟಳು. ಬುದ್ಧಿವಂತೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಯಾರೂ ಬೇಡ ಎನ್ನಲಿಲ್ಲ. ಯಾರನ್ನೂ ಅವಳು ಕೇಳಿರಲೂ ಇಲ್ಲ.

ಮೊದಲ ದಿನ ಬೂಜ್ಯಾನ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದ. ಬಿಸಿಲುಗೋಡೆಯ ಮುದುಕರು ಕೈ ಬೀಸಿ ಕರೆದರು. ಅರ್ಧ ದಾರಿಗೆ ಅವನ ತುಟಿ ನೀಲಿಯಾಯಿತು. ಇಬ್ಬರು ಹಿಡಿದುಕೊಂಡು ಮನೆಗೆ ತಂದು ಬಿಟ್ಟರು.

"ಅಭ್ಯಾಸ ತಪ್ಪಿದೆ, ಅಷ್ಟೆ," ಎಂದಳು ಮಹಜೂಬಾ. "ನಾಲ್ಕು ದಿನ ಮನೇಲೇ ಹಾಕ್ಕೊಳ್ಳಿ, ಶಕ್ತಿ ಬರುತ್ತೆ."

ಶಕ್ತಿ ಬರಲಿಲ್ಲ. ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತದೆ ಎನ್ನುತ್ತಿದ್ದ. ಚಹಾದ ಲೋಟ ಕೈಯಲ್ಲಿ ಹಿಡಿದು ಅದೇನೆಂದು ಮರೆತವನಂತೆ ನೋಡುತ್ತಿದ್ದ. ಕೂತಲ್ಲೇ ತೂಕಡಿಸುತ್ತಿದ್ದ. ಒಂದು ಸಂಜೆ, ಮಗ್ರಿಬ್ ಪ್ರಾರ್ಥನೆಯ ಕರೆ ಮುಗಿದು ಬೀದಿ ಖಾಲಿಯಾದ ಹೊತ್ತು, ತಟ್ಟನೆ ತಲೆ ಎತ್ತಿದ.

"ಕೇಳಿಸ್ತಾ?"

"ಏನು?"

"ಕೆಳಗಿಂದ. ಟಕ್, ಟಕ್, ಟಕ್."

ಮಹಜೂಬಾಳಿಗೆ ಏನೂ ಕೇಳಿಸಲಿಲ್ಲ. ಆದರೆ ಅದರ ಅರ್ಥ ಮಾತ್ರ ಗೊತ್ತಿತ್ತು. ಗಣಿಯವರ ಮನೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಸುರಂಗ ಕುಸಿದು ಒಳಗೆ ಸಿಕ್ಕಿಬಿದ್ದವನು ಕಲ್ಲಿನಿಂದ ಮೂರು ಸಲ ಬಡಿಯುತ್ತಾನೆ. ಬದುಕಿದ್ದೇನೆ ಎಂದು ಅರ್ಥ. ಕೇಳಿಸಿಕೊಂಡವನು ಮೂರು ಸಲ ತಿರುಗಿ ಬಡಿಯಲೇಬೇಕು. ಬರುತ್ತಿದ್ದೇವೆ ಎಂದು ಅರ್ಥ. ಕೇಳಿಯೂ ಬಡಿಯದವನನ್ನು ಆ ಊರಲ್ಲಿ ಯಾರೂ ಮನುಷ್ಯ ಎಂದು ಕರೆಯುವುದಿಲ್ಲ.

ಬೂಜ್ಯಾನ್ ಊರುಗೋಲು ತಿರುಗಿಸಿ ನೆಲದ ಮೇಲೆ ಮೂರು ಸಲ ಬಡಿದ.

"ಮೀಮೂನ್," ಎಂದ ಮೆಲ್ಲಗೆ. "ಅವನ ಬಡಿತ ನನಗೆ ಗೊತ್ತಾಗಲ್ವಾ?"

ಅಂದಿನಿಂದ ದಿನಾ ಸಂಜೆ ಇದೇ ಆಟ. ಅವನಿಗೆ ಕೇಳಿಸುತ್ತದೆ, ಅವನು ಬಡಿಯುತ್ತಾನೆ, ಕಿವಿಗೊಟ್ಟು ಕೂರುತ್ತಾನೆ. ಮುದಿತನದ ಭ್ರಮೆ ಎಂದು ಮಹಜೂಬಾ ಸುಮ್ಮನಿದ್ದಳು. ಒಂದು ಸಂಜೆ ಅವನು ಬಡಿದ ಮೇಲೆ, ಅವಳು ಹರೀರಾ ಗಂಜಿ ಕಲಕುತ್ತಿದ್ದಾಗ, ನೆಲದೊಳಗಿಂದ ಸದ್ದು ಬಂತು.

ಟಕ್. ಟಕ್. ಟಕ್.

ಸೌಟು ಅವಳ ಕೈಯಿಂದ ಜಾರಿತು. ಈ ಸಲ ಅವಳೇ ಕೇಳಿದ್ದಳು, ತನ್ನ ಎರಡೂ ಕಿವಿಯಾರೆ. ಮೂಲೆಯಲ್ಲಿ ಮೀಮೂನನ ಪೆಟ್ಟಿಗೆ ಹಳದಿ ಕಣ್ಣು ಮಿಟುಕಿಸುತ್ತಾ ಗುರ್ರೆನ್ನುತ್ತಿತ್ತು. ಒಳಗೆಳೆದುಕೊಳ್ಳುತ್ತಿತ್ತು, ಹೊರಗೆ ಬಿಡುತ್ತಿತ್ತು. ಸತ್ತವನ ಉಸಿರು ಇದರೊಳಗೇ ಉಳಿದುಬಿಟ್ಟಿದೆಯೇ? ಅವನು ತನ್ನ ಪೆಟ್ಟಿಗೆ ಕೇಳುತ್ತಿದ್ದಾನೆಯೇ? ಇಲ್ಲ, ಪೆಟ್ಟಿಗೆಯ ಜೊತೆ ಗೆಳೆಯನನ್ನೂ ಕೇಳುತ್ತಿದ್ದಾನೆಯೇ?

ಯಾರಿಗೆ ಹೇಳುವುದು? ವಿದಾದ್‌ಗೆ ಹೇಳಿದರೆ ನಗುತ್ತಾಳೆ. ಖದ್ದೂಜ್ ಅಂತೂ ಇತ್ತೀಚೆಗೆ ಮುಖ ಕೊಟ್ಟು ಮಾತೇ ಆಡುತ್ತಿಲ್ಲ. ಬಾಗಿಲಲ್ಲಿ ಎದುರಾದರೆ ಬಿಳಿಚಿಕೊಂಡು ಒಳಗೆ ಸರಿಯುತ್ತಾಳೆ. ಮಹಜೂಬಾ ತನಗೆ ತಿಳಿದ ಮದ್ದನ್ನೇ ಮಾಡಿದಳು. ಕೆಂಡದ ಒಲೆಯಲ್ಲಿ ಹರ್ಮಲ್ ಬೀಜ ಸುರಿದು, ಕೆಟ್ಟದ್ದೆಲ್ಲ ತೊಲಗಲಿ ಎಂದು ಮನೆ ತುಂಬ ಹೊಗೆ ಹಾಕಿದಳು. ಕೆಟ್ಟದ್ದು ತೊಲಗಲಿಲ್ಲ. ಬೂಜ್ಯಾನ್ ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿಬಿಟ್ಟ, ಉಗುರು ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

ಎರಡು ದಿನ ಕಳೆದ ಮೇಲೆ ಮಧ್ಯಾಹ್ನದ ರೊಟ್ಟಿ ಸುಡಿಸಿಕೊಂಡು ಬಂದು ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತಳು. ಕೋಣೆಯ ನಡುವೆ ನೆಲದ ಹೆಂಚುಗಳು ಕಿತ್ತು ಬಿದ್ದಿದ್ದವು. ಕೆಳಗೆ ಕಪ್ಪು ಮಣ್ಣು. ಬೂಜ್ಯಾನ್ ಆ ಮಣ್ಣಿಗೆ ಕಿವಿ ಒತ್ತಿ ಬೋರಲು ಮಲಗಿದ್ದ, ಒಂದು ಕೈಯಲ್ಲಿ ಚಮಚ. ಚಮಚದಲ್ಲಿ ಅಗೆದಿದ್ದ! ನಳಿಕೆ ದೂರದಲ್ಲಿ ಹಾವಿನ ಪೊರೆಯಂತೆ ಬಿದ್ದಿತ್ತು.

"ರೀ! ಏನ್ರೀ ಇದು?"

"ಶ್ಶ್," ಎಂದ. ಮುಖ ಬೂದಿಯಂತಿತ್ತು, ತುಟಿಯಲ್ಲಿ ಮಾತ್ರ ನಗು. "ಹತ್ರ ಬಂದ್ಬಿಟ್ಟಿದ್ದಾನೆ. ಇನ್ನೊಂದು ಮೊಳ ಅಷ್ಟೆ. ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ ಕಣೇ, ಬಿಟ್ಬಿಡು."

"ಖದ್ದೂಜ್! ಖದ್ದೂಜ್!" ಮಹಜೂಬಾ ಕಿರುಚುತ್ತಾ ನಡುಗೋಡೆಯನ್ನು ಮುಷ್ಟಿಯಿಂದ ಗುದ್ದಿದಳು, ಒಂದು, ಎರಡು, ಮೂರು.

ಗೋಡೆಯೊಳಗಿಂದ ಉತ್ತರ ಬಂತು. ಟಕ್. ಟಕ್. ಟಕ್.

ಅವಳು ಗಂಡನ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ಬೀದಿಯಲ್ಲಿ ಕಿರುಚಾಟ ಕೇಳಿ ಓಡಿಬಂದದ್ದು ವಿದಾದ್. ಯಾರ ಮನೆಗೋ ಚುಚ್ಚುಮದ್ದು ಕೊಡಲು ಹೊರಟಿದ್ದವಳು, ಚೀಲ ಹೆಗಲಲ್ಲೇ ಇತ್ತು. ಒಳಗೆ ಬಂದವಳು ಭೂತವನ್ನೂ ಕೇಳಲಿಲ್ಲ, ಹೆಂಚನ್ನೂ ಕೇಳಲಿಲ್ಲ. ಬೂಜ್ಯಾನನನ್ನು ಎತ್ತಿ ಕೂರಿಸಿ, ಬೆರಳಿಗೆ ಬಟ್ಟೆ ಕ್ಲಿಪ್ಪಿನಂಥ ಸಣ್ಣ ಸಾಧನ ಸಿಕ್ಕಿಸಿದಳು. ಅಂಕಿ ನೋಡಿ ಅವಳ ಮುಖ ಬಿಗಿಯಿತು.

"ದೊಡ್ಡ ಯಂತ್ರ ಎಲ್ಲಿ ಖಾಲ್ತಿ?"

"ವಾ... ವಾಪಸ್ ಕಳಿಸ್ದೆ."

"ಅಲ್ಲಾಹ್! ಯಾರು ಹೇಳಿದ್ದು ನಿಮಗೆ?"

ಉತ್ತರಕ್ಕೆ ಕಾಯದೆ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದಳು. ಡಾಕ್ಟರು ಸಿಲಿಂಡರಿನ ಜೊತೆ ತಾವೇ ಬಂದರು, ಎಷ್ಟು ಬಿಡಬೇಕೆಂದು ನೋಡಿ ನೋಡಿ ಹದ ಮಾಡಿದರು. ಆ ಹೊತ್ತು ಮಹಜೂಬಾಳಿಗೆ ವರ್ಷವಾಯಿತು. ಗಂಡನ ಕೈ ಹಿಡಿದು, "ಹೋಗಬೇಡಿ, ಅವನು ಕರೆದ್ರೂ ಹೋಗಬೇಡಿ," ಎಂದು ಬಡಬಡಿಸುತ್ತಿದ್ದಳು. ಮೆಲ್ಲಗೆ ತುಟಿಯ ನೀಲಿ ಇಳಿಯಿತು. ಬೂಜ್ಯಾನ್ ಕಣ್ಣು ತೆರೆದು ಕಿತ್ತ ಹೆಂಚುಗಳನ್ನು ನೋಡಿದ.

"ಯಾರೇ ಇದು ನೆಲ ಹಾಳು ಮಾಡಿದ್ದು?" ಎಂದ.

ಮಹಜೂಬಾ ನಗಲೂ ಆಗದೆ ಅಳಲೂ ಆಗದೆ ಅವನ ಎದೆಗೆ ಹಣೆ ಒತ್ತಿದಳು.

ಡಾಕ್ಟರು ಇವತ್ತೇ ಆಸ್ಪತ್ರೆಗೆ ಸೇರಿಸಬೇಕೆಂದು ಹೇಳಿ ಗಾಡಿ ತರಿಸಲು ಹೋದರು. ಅದು ಬರುವಷ್ಟರಲ್ಲಿ ವಿದಾದ್ ಸಂಘದ ಅಳತೆಯ ಉಪಕರಣ ತರಿಸಿ ಮೀಮೂನನ ಪೆಟ್ಟಿಗೆಯ ನಳಿಕೆಗೆ ಹಿಡಿದಳು. ನೋಡಿದಳು, ಮತ್ತೊಮ್ಮೆ ನೋಡಿದಳು.

"ಇದರಲ್ಲಿ ಬರ್ತಿರೋದು ಬರೀ ಗಾಳಿ. ಕಿಟಕಿ ತೆಗೆದ್ರೆ ಬರುತ್ತಲ್ಲ, ಅದೇ ಗಾಳಿ. ಗಾಳಿಯಿಂದ ಆಕ್ಸಿಜನ್ ಸೋಸೋ ಪುಡಿ ಒಳಗಿರುತ್ತೆ, ಅದು ಸತ್ತುಹೋಗಿದೆ. ಮೋಟಾರು ಗುರ್ ಅನ್ನುತ್ತೆ, ಊದುತ್ತೆ, ಅಷ್ಟೆ. ಈ ಹಳದಿ ದೀಪ ಯಾಕೆ ಉರೀತಿದೆ ಅಂದ್ಕೊಂಡಿದ್ರಿ?"

"ಓಡ್ತಾ ಇದೆ ಅಂತ..."

"ಕೆಟ್ಟಿದೀನಿ, ಕೆಟ್ಟಿದೀನಿ ಅಂತ ಪಾಪ ಅದು ಬಡ್ಕೊಳ್ತಾ ಇತ್ತು ಖಾಲ್ತಿ."

"ಸುಳ್ಳು," ಎಂದ ಬೂಜ್ಯಾನ್. ದನಿ ಸಣ್ಣದಿದ್ದರೂ ಹಟ ದೊಡ್ಡದಿತ್ತು. "ನಾನೇ ದೀಪ ಹಿಡಿದು ನೋಡಿದ್ದೀನಿ. ಉರಿ ನೆಟ್ಟಗೆ ನಿಂತಿತ್ತು. ಚೊಕ್ಕ ಗಾಳಿ."

ವಿದಾದ್ ಅವನನ್ನೇ ನೋಡಿದಳು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

"ಬೂಜ್ಯಾನ್ ಚಿಕ್ಕಪ್ಪ, ಆಕ್ಸಿಜನ್ ನಳಿಕೆ ಪಕ್ಕ ಬೆಂಕಿ ಹಿಡಿದ್ರಾ? ನಿಜವಾದ ಆಕ್ಸಿಜನ್ ಬಂದಿದ್ರೆ ಉರಿ ನಿಲ್ತಿರಲಿಲ್ಲ. ಭಗ್ ಅಂತ ಎದ್ದು ಗಡ್ಡ, ಮುಖ, ಹಾಸಿಗೆ ಎಲ್ಲಾ ಹಿಡ್ಕೊಳ್ತಿತ್ತು. ಉರಿ ನೆಟ್ಟಗೆ ನಿಂತಿದ್ದೇ ಅದರಲ್ಲಿ ಆಕ್ಸಿಜನ್ ಇಲ್ಲ ಅನ್ನೋದಕ್ಕೆ ಸಾಕ್ಷಿ. ಪೆಟ್ಟಿಗೆ ಸತ್ತಿತ್ತು, ಅದಕ್ಕೇ ನೀವು ಅವತ್ತು ಬದುಕಿದ್ರಿ. ಪೆಟ್ಟಿಗೆ ಸತ್ತಿತ್ತು, ಅದಕ್ಕೇ ಇವತ್ತು ಸಾಯ್ತಿದ್ರಿ."

ಗಣಿಯಲ್ಲಿ ಒಂದು ಜೀವಮಾನ ಕಾಪಾಡಿದ ದೀಪ ಮನೆಯಲ್ಲಿ ಹೀಗೆ ಕೈಕೊಟ್ಟಿತ್ತು. ಬೂಜ್ಯಾನ್ ಮುಖ ತಿರುಗಿಸಿಕೊಂಡ.

"ಹಾಗಾದ್ರೆ ಆ ಬಡಿತ?" ಎಂದಳು ಮಹಜೂಬಾ. "ಇವರೊಬ್ಬರಿಗೆ ಕೇಳಿದ್ರೆ ಸರಿ. ನನಗೂ ಕೇಳಿಸ್ತು. ಈಗಷ್ಟೇ ಗೋಡೆಯೊಳಗಿಂದ ಕೇಳಿಸ್ತು."

ಬಾಗಿಲಲ್ಲಿ ಬಿಕ್ಕುವ ಸದ್ದಾಯಿತು. ಖದ್ದೂಜ್ ನಿಂತಿದ್ದಳು, ಕೈಯಲ್ಲಿ ಹಿತ್ತಾಳೆ ಕುಟ್ಟಾಣಿಯ ಒನಕೆ.

"ಅದು ನಾನು ಕಣೇ. ಸಂಜೆ ಹೊತ್ತು ನೆಲದೊಳಗಿಂದ ಮೂರು ಬಡಿತ ಕೇಳ್ತಿತ್ತು. ನನ್ನ ಮೀಮೂನನೇ ಅಂದ್ಕೊಂಡೆ. ಬದುಕಿದ್ದೀನಿ ಅಂತಿದ್ದಾನೆ, ಬಡಿಯದೆ ಹೇಗಿರ್ಲಿ? ಹುಚ್ಚಿ ಅಂತೀರಿ ಅಂತ ಯಾರಿಗೂ ಹೇಳ್ಲಿಲ್ಲ. ಒನಕೆ ತಗೊಂಡು ತಿರುಗಿ ಬಡೀತಿದ್ದೆ. ಈಗ ಗೋಡೆ ಬಡಿದಾಗಲೂ ಅವನೇ ಅಂದ್ಕೊಂಡು ಬಡಿದೆ."

ಅಂದರೆ ಇವನು ಬಡಿದದ್ದು ಅವಳಿಗೆ ಗಂಡ, ಅವಳು ಬಡಿದದ್ದು ಇವನಿಗೆ ಗೆಳೆಯ. ಗೋಡೆಯ ಎರಡೂ ಬದಿ ಹೆದರಿದವರೇ. ಮಹಜೂಬಾ ಎದ್ದು ಹೋಗಿ ಖದ್ದೂಜಳನ್ನು ತಬ್ಬಿಕೊಂಡಳು. ಇಬ್ಬರೂ ಹೋ ಎಂದು ಅತ್ತರು, ಅಳುವಿನ ನಡುವೆಯೇ ನಕ್ಕರು.

"ಕೆಟ್ಟ ಪೆಟ್ಟಿಗೆ ನಿನಗೆ ಕೊಟ್ಟೆನಲ್ಲೇ, ನನ್ನ ಕೈ ಸೇದಿಹೋಗ!"

"ನಿನಗೇನು ಗೊತ್ತಿತ್ತು? ನಾನು ಪರೀಕ್ಷೆ ಮಾಡಿಸ್ಬೇಕಿತ್ತು."

ಬೂಜ್ಯಾನ್ ಮಾತ್ರ ನಗಲಿಲ್ಲ. "ಖದ್ದೂಜ್, ಮೊದಲನೇ ದಿನ ಶುರು ಮಾಡಿದ್ದು ನೀನಾ?" ಎಂದ.

"ಇಲ್ಲಣ್ಣ. ನಾನು ಕೇಳಿದ ಮೇಲೇ ಬಡಿದಿದ್ದು."

"ನಾನೂ ಕೇಳಿದ ಮೇಲೇ ಬಡಿದಿದ್ದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊರಗೆ ಕಪ್ಪು ದಿಬ್ಬದ ಕಡೆಯಿಂದ ಗಾಳಿ ಎದ್ದಿತ್ತು. ಕಿತ್ತ ಹೆಂಚಿನ ಕೆಳಗಿನ ಮಣ್ಣನ್ನು ಯಾರೂ ನೋಡಲು ಹೋಗಲಿಲ್ಲ.

ವಿದಾದ್ ಒಂದು ಹೆಂಚು ಎತ್ತಿ ಅದರ ಜಾಗದಲ್ಲಿ ಇಟ್ಟಳು. "ಉಸಿರು ಸಾಲದೆ ಹೋದ್ರೆ ಮಿದುಳು ಇಲ್ಲದ್ದನ್ನೆಲ್ಲ ಕೇಳಿಸುತ್ತೆ, ಇಲ್ಲದವರನ್ನ ತೋರಿಸುತ್ತೆ," ಎಂದಳು. "ಬೆಳಿಗ್ಗೆ ತಲೆನೋವು, ಮಂಪರು, ಮರೆವು, ತುಟಿ ಉಗುರು ನೀಲಿ, ಬಡಬಡಿಕೆ. ಇವೆಲ್ಲಾ ಒಂದೇ ಮಾತು ಹೇಳ್ತಿದ್ವು. ಹರ್ಮಲ್ ಹೊಗೆ ಹಾಕೋ ಬದಲು ನನ್ನ ಬಾಗಿಲು ಬಡಿದಿದ್ರೆ ಸಾಕಿತ್ತು."

"ಈಗ ಬಡಿತೀನಮ್ಮ," ಎಂದಳು ಮಹಜೂಬಾ. "ಏನು ಮಾಡಬೇಕು ಹೇಳು, ಕಿಂಡಿ ಮುಂದೆ ನಿಲ್ಲು ಅಂದ್ರೂ ನಿಲ್ತೀನಿ."

ನಿಂತಳು ಕೂಡ. ಆಸ್ಪತ್ರೆಯಿಂದ ಬೂಜ್ಯಾನ್ ಬರುವ ಮುಂಚೆಯೇ ಬಾಡಿಗೆಯ ದೊಡ್ಡ ಯಂತ್ರ ಮನೆಗೆ ವಾಪಸ್ಸಾಯಿತು. ಮನೆಯಲ್ಲಿ ಉಸಿರಾಡಲು ಅದು, ಹೊರಗೆ ಹೋಗಲು ಪೆಟ್ಟಿಗೆ. ಒಂದು ಬಂತೆಂದು ಇನ್ನೊಂದನ್ನು ಕಳಿಸುವ ಹಾಗಿಲ್ಲ ಎಂದು ಶಹರದ ಡಾಕ್ಟರು ಅವಳಿಂದಲೇ ಎರಡು ಸಲ ಹೇಳಿಸಿದರು. ಎದೆ ಪರೀಕ್ಷೆಯಾಯಿತು, ನಡಿಗೆಯ ಪರೀಕ್ಷೆಯಾಯಿತು. ಯಾವ ಬಗೆಯ ಪೆಟ್ಟಿಗೆ, ಅದರ ಗುಂಡಿ ಯಾವ ಗುರುತಿನ ಮೇಲೆ ಇಡಬೇಕು ಎಂದು ಶಿಫಾರಸಿನಲ್ಲಿ ಬಿಡಿಸಿ ಬರೆದರು.

ಪಿಂಚಣಿ ಆಫೀಸು ಮೊದಲ ಸಲ ಆಗುವುದಿಲ್ಲ ಎಂದಿತು. ಹಳೆಯ ಮಹಜೂಬಾ ಆಗಿದ್ದರೆ ಅಲ್ಲಿಂದಲೇ ಶಾಪ ಹಾಕುತ್ತಾ ಮನೆಗೆ ಬರುತ್ತಿದ್ದಳು. ಈಗ ಕಿಂಡಿಗೆ ಮೂಗು ತಾಗಿಸಿ ನಿಂತಳು.

"ಯಾಕೆ ಆಗಲ್ಲ ಅಂತ ಬರೆದು ಕೊಡಪ್ಪ. ಬಾಯಿಮಾತು ಬೇಡ."

"ಹೊರಗೆ ಓಡಾಡೋಕೆ ಅಂತ ಡಾಕ್ಟರು ಬೇರೆಯಾಗಿ ಕಾರಣ ಬರೆದಿಲ್ಲಮ್ಮ."

"ಇಷ್ಟೇನಾ? ಬರೆಸ್ಕೊಂಡು ಬರ್ತೀನಿ. ಇಲ್ಲೇ ಇರು, ಎಲ್ಲೂ ಹೋಗಬೇಡ!"

ಕಿಂಡಿಯ ಹಿಂದಿನ ಹುಡುಗನಿಗೂ ನಗು ಬಂತು. ಕಾರಣ ಬರೆಸಿಕೊಂಡು ಬಂದಳು, ಮತ್ತೆ ಅರ್ಜಿ ಹಾಕಿದಳು. ಉತ್ತರ ಬರುವ ತನಕ ಸಂಘದ ಸರದಿಯಲ್ಲಿ ಕಾದಳು, ಗೊಣಗಲಿಲ್ಲ. ಕೊನೆಗೆ ಆಫೀಸು ಒಂದು ಪಾಲು ಕೊಡಲು ಒಪ್ಪಿತು. ಉಳಿದದ್ದಕ್ಕೆ ಸಾಲಿನ ಹೆಂಗಸರ ದಾರತ್ ಇತ್ತು. ತಿಂಗಳಿಗೊಮ್ಮೆ ಎಲ್ಲರೂ ಒಂದಿಷ್ಟು ದಿರ್ಹಮ್ ಹಾಕಿ, ಒಟ್ಟು ಹಣವನ್ನು ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವುದು. ಆ ತಿಂಗಳ ಸರದಿ ಖದ್ದೂಜಳದು. ಅವಳು ಎದ್ದು ನಿಂತು, "ನನ್ನದು ಮಹಜೂಬಾಗೆ. ನನ್ನ ಕಡೆಯಿಂದ ಇರಲಿ," ಎಂದಳು. ಮಹಜೂಬಾ ಬೇಡ ಎಂದರೆ ಒನಕೆ ತರುತ್ತೇನೆ ಎಂದು ಹೆದರಿಸಿದಳು.

ಪೆಟ್ಟಿಗೆ ಕೊಳ್ಳುವ ದಿನ ಮಹಜೂಬಾ ಮಾರುವವನ ಬೆವರಿಳಿಸಿದಳು. ಆಕ್ಸಿಜನ್ ಎಷ್ಟು ಬರುತ್ತದೆ, ನನ್ನ ಕಣ್ಣೆದುರೇ ಅಳೆ. ಬ್ಯಾಟರಿ ಎಷ್ಟು ಹೊತ್ತು? ಹೊಸ ಬ್ಯಾಟರಿಗೆ ಎಷ್ಟು? ಕೆಟ್ಟರೆ ರಿಪೇರಿ ಯಾರು, ಆಗ ಬದಲಿ ಪೆಟ್ಟಿಗೆ ಕೊಡುತ್ತೀಯೋ ಇಲ್ಲವೋ? ಹಳದಿ ದೀಪ ಉರಿದರೆ ಏನರ್ಥ, ಕೆಂಪು ಉರಿದರೆ ಏನರ್ಥ? ವಿದಾದ್ ಪಕ್ಕದಲ್ಲಿ ನಿಂತಿದ್ದಳು, ಅವಳಿಗೆ ಬಾಯಿ ತೆರೆಯುವ ಅವಕಾಶವೇ ಸಿಗಲಿಲ್ಲ. ಮೀಮೂನನ ಪೆಟ್ಟಿಗೆಯನ್ನು ಸಂಘದವರು ಒಯ್ದರು. ಅದು ಇನ್ನು ಸಾಲಿನ ಯಾವ ಮನೆಗೂ ಹೋಗುವುದಿಲ್ಲ.

ಒಂದು ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಬೂಜ್ಯಾನ್ ಹೊಸ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದ. ನಿಂತು ನಿಂತು ನಡೆದ. ಬಿಸಿಲುಗೋಡೆಯ ಮುದುಕರು ಹರಟೆ ನಿಲ್ಲಿಸಿ ಎದ್ದುನಿಂತರು. ಒಂದು ಪಕ್ಕ ಮಹಜೂಬಾ, ಒಂದು ಪಕ್ಕ ಖದ್ದೂಜ್. ಕಪ್ಪು ದಿಬ್ಬದ ಬುಡದಲ್ಲಿ ಗೋರಿಗಳು, ಬಿರುಕುಗಳಿಂದ ಬಿಳಿ ಹಬೆ ಸದ್ದಿಲ್ಲದೆ ಏಳುತ್ತಿತ್ತು. ಬೂಜ್ಯಾನ್ ಒಂದು ಹಿಡಿ ಮಣ್ಣು ಎತ್ತಿ ಮೀಮೂನನ ಗೋರಿಗೆ ಹಾಕಿದ. ಕಣ್ಣೀರನ್ನು ಒರೆಸಿಕೊಳ್ಳಲಿಲ್ಲ. ಆಮೇಲೆ ಊರುಗೋಲು ತಿರುಗಿಸಿ ಹಿಡಿದ.

"ಬೇಡ ರೀ," ಎಂದಳು ಮಹಜೂಬಾ.

ಅವನು ನೆಲಕ್ಕೆ ಮೂರು ಸಲ ಬಡಿದ. ಟಕ್, ಟಕ್, ಟಕ್. ಬದುಕಿದ್ದೇನೆ.

ಮೂವರೂ ಕಿವಿಗೊಟ್ಟರು. ಗಾಳಿ ನಿಂತಿತ್ತು. ಪೆಟ್ಟಿಗೆಯ ಸಣ್ಣ ಸದ್ದು ಬಿಟ್ಟರೆ ಬೇರೆ ಏನಿಲ್ಲ. ಹಸಿರು ದೀಪ ಉರಿಯುತ್ತಿತ್ತು. ಬಹಳ ಹೊತ್ತು ಕಾದರು. ನೆಲದಡಿಯಿಂದ ಯಾವ ಉತ್ತರವೂ ಬರಲಿಲ್ಲ.

ಬೂಜ್ಯಾನ್ ನಿಧಾನವಾಗಿ ಉಸಿರು ಬಿಟ್ಟ. "ಸದ್ಯ," ಎಂದ. "ಅವನು ಮಲಗಿದ್ದಾನೆ. ನಡೀರಿ, ಚಹಾ ಕುಡಿಯೋಣ."

ಈ ಕಥೆ ಕೇಳಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಎದೆಬೇನೆಯವರು ಇರಬಹುದು. ಗಣಿಯ ಧೂಳು ಆಗಬೇಕೆಂದಿಲ್ಲ. ಬೀಡಿಯ ಹೊಗೆ, ಒಲೆಯ ಹೊಗೆ, ಕಲ್ಲು ಕ್ರಷರಿನ ಪುಡಿ ಯಾವುದೂ ಆಗಬಹುದು. ಅವರಿಗೆ ಆಕ್ಸಿಜನ್ ಪೆಟ್ಟಿಗೆ ಬೇಕಾದರೆ ಬಳೆ ಬಿಚ್ಚುವ ಮುಂಚೆ ಡಾಕ್ಟರ ಶಿಫಾರಸು ಬರೆಸಿ. ವಿಮೆ, ಪಿಂಚಣಿ, ಸರ್ಕಾರದ ಯೋಜನೆ, ಯಾವುದಿದೆಯೋ ಅಲ್ಲಿ ಕೊಳ್ಳುವ ಮುಂಚೆಯೇ ವಿಚಾರಿಸಿ. ಒಂದೊಂದು ಕಡೆ ಒಂದೊಂದು ನಿಯಮ. ಆಗುವುದಿಲ್ಲ ಎಂದರೆ ಯಾಕೆಂದು ಬರೆಸಿಕೊಳ್ಳಿ, ಮತ್ತೆ ಕೇಳಿ. ಅಲ್ಲಿಯ ತನಕ ಬಾಡಿಗೆಗೆ ಸಿಗುತ್ತದೆಯೇ ನೋಡಿ, ನಿಮ್ಮ ಸ್ವಸಹಾಯ ಸಂಘದಲ್ಲಿ ಬಾಯಿ ಬಿಟ್ಟು ಕೇಳಿ. ಹಳೆಯ ಪೆಟ್ಟಿಗೆ ಯಾರೇ ಕೊಡಲಿ, ಎಷ್ಟೇ ಪ್ರೀತಿಯಿಂದ ಕೊಡಲಿ, ಅಳತೆ ಮಾಡಿಸದೆ ಮೂಗಿಗೆ ಹಾಕಬೇಡಿ. ಡಾಕ್ಟರು ಹೇಳಿದಷ್ಟೇ ಇಡಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಅದರ ಹತ್ತಿರ ದೀಪ, ಬೀಡಿ, ಊದುಬತ್ತಿ, ಒಲೆ ಯಾವುದೂ ಸುಳಿಯಬಾರದು.

ಮನೆಯ ಹಿರಿಯರು ಬೆಳಿಗ್ಗೆ ತಲೆನೋವು ಎಂದರೆ, ತುಟಿ ನೀಲಿಯಾದರೆ, ಯಾರೋ ಬಡಿಯುತ್ತಿದ್ದಾರೆ, ಯಾರೋ ಕರೆಯುತ್ತಿದ್ದಾರೆ ಎಂದರೆ, ಮಂತ್ರದವರ ಮನೆಗೆ ಓಡಬೇಡಿ. ಆಸ್ಪತ್ರೆಯ ಬಾಗಿಲು ಬಡಿಯಿರಿ. ಇವತ್ತು ಸಂಜೆ ಈ ಓದು ಮುಗಿಸಿ ಮನೆಗೆ ಹೋದಾಗ ಅವರ ಪಕ್ಕದಲ್ಲಿ ಒಂದು ಗಳಿಗೆ ಕೂತು ಅವರ ಉಸಿರು ಕೇಳಿಸಿಕೊಳ್ಳಿ. ಅದು ಏನು ಹೇಳುತ್ತಿದೆಯೋ, ಅದಕ್ಕೆ ನೀವು ಉತ್ತರ ಕೊಡಲೇಬೇಕು.